ಸುಟ್ಟ ಮೆಣಸಿನಕಾಯಿಯ ವಾಸನೆ

ಬ್ಯಾಡಗಿ,
ಫೆಬ್ರುವರಿ ೧೮, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳು ಶ್ರೀದೇವಿಗೆ ನಿನ್ನ ಅವ್ವ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀಯವ್ವಾ? ಮೊನ್ನೆ ಫೋನಿನಲ್ಲಿ ನಿನ್ನ ದನಿ ಕಟ್ಟಿತ್ತು. ಕೇಳಿದರೆ ಧೂಳು ಅಂದೆ. ಸುರಪುರದ ಬಿಸಿಲು ಈಗಲೇ ಶುರುವಾಗಿರಬೇಕು. ಫ್ರಿಜ್ಜಿನ ನೀರು ಕುಡಿಯಬೇಡ, ಜೀರಿಗೆ ಬೆಲ್ಲ ಕುದಿಸಿ ಬೆಚ್ಚಗೆ ಕುಡಿ. ಹಾಸ್ಟೆಲಿನ ಹುಡುಗಿಯರಿಗೆಲ್ಲ ಬಡಿಸಿ ತಳದಲ್ಲಿ ಉಳಿದದ್ದನ್ನು ನೀನು ಉಣ್ಣುತ್ತೀ ಎಂದು ನನಗೆ ಗೊತ್ತು. ವಾರ್ಡನ್ ಆದವಳು ಹಸಿದುಕೊಂಡಿದ್ದರೆ ಹುಡುಗಿಯರ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮೊದಲು ಉಣ್ಣು, ಆಮೇಲೆ ಬೈಯುವುದಿದ್ದರೆ ಬೈ. ಪರೀಕ್ಷೆ ಮುಗಿಯುವತನಕ ರಜೆ ಸಿಗುವುದಿಲ್ಲ ಎಂದಿದ್ದೆ. ಈ ಕಾಗದ ಪೂರ್ತಿ ಓದಿ ಆಮೇಲೆ ಅದರ ವಿಚಾರ ಮಾಡು.

ಕಾಗದ ಕಂಡು ಗಾಬರಿಯಾಗಬೇಡ. ದಿನ ಬಿಟ್ಟು ದಿನ ಫೋನು ಮಾಡುವ ಮಗಳಿಗೆ ಅವ್ವ ಕಾಗದ ಯಾಕೆ ಬರೆದಳು ಅನ್ನುತ್ತೀ. ನಿನ್ನ ಅಣ್ಣ ಮನೋಹರನ ಸುದ್ದಿ ಬಂದ ದಿನದಿಂದ ನಿನ್ನ ಅಪ್ಪ ಫೋನನ್ನು ಕೈಯಲ್ಲಿ ಹಿಡಿದಿಲ್ಲ. ಮನೆಗೆಲ್ಲ ನನ್ನದೊಂದೇ. ಆದರೆ ನಿನ್ನ ಫೋನು ಬಂತೆಂದರೆ ಹಿತ್ತಲಲ್ಲಿದ್ದರೂ ಬಂದು ಮಗ್ಗುಲಲ್ಲಿ ಕುಳಿತು, ‘ಸ್ಪೀಕರ್ ಹಾಕು, ನಿನಗೊಬ್ಬಾಕಿಗೆ ಮಗಳೇನ ಅಕಿ’ ಅನ್ನುತ್ತಾರೆ. ಅವರೆದುರು ಆಡಲಾರದ ಮಾತು ಇದು. ನಾನು ಏಳನೇ ಇಯತ್ತೆವರೆಗೆ ಓದಿದವಳು. ನಿನ್ನ ಅಣ್ಣ ಹೋದ ಮೇಲೆ ದಿನಾ ನಾಲ್ಕು ಸಾಲು ಬರೆದುಕೊಳ್ಳುವ ರೂಢಿ ಬಿದ್ದದ್ದರಿಂದ ಕೈ ನಡೆಯುತ್ತದೆ, ಇಲ್ಲದಿದ್ದರೆ ಇಷ್ಟನ್ನೂ ಬರೆಯಲು ಆಗುತ್ತಿರಲಿಲ್ಲ.

ಮೊದಲಿನಿಂದ ಬರೆಯುತ್ತೇನೆ, ನಿನಗೆ ಅರ್ಧ ಮಾತ್ರ ಗೊತ್ತು. ಮೋಟೆಬೆನ್ನೂರಿನ ಹೈವೇ ಕ್ರಾಸಿನಲ್ಲಿ ನಿನ್ನ ಅಣ್ಣನ ಗಾಡಿಗೆ ಲಾರಿ ಬಡಿದ ಮೇಲೆ ನಿನ್ನ ಅಪ್ಪ ಆ ದಾರಿಯನ್ನೇ ಬಿಟ್ಟರು. ಹಾವೇರಿಗೆ ಹೋಗುವುದಿದ್ದರೂ ರೈಲು, ರೈಲು ತಪ್ಪಿದರೆ ಹೋಗುವುದೇ ಇಲ್ಲ. ಅದೇ ವರ್ಷ ಎದೆ ನೋವು ಶುರುವಾಯಿತು. ಮೆಣಸಿನಕಾಯಿ ಪೇಟೆಯಿಂದ ಮನೆಗೆ ಬರುವಷ್ಟರಲ್ಲಿ ನಾಲ್ಕು ಕಡೆ ನಿಲ್ಲುತ್ತಿದ್ದರು, ಅಂಗಡಿಗಳ ಬೋರ್ಡು ಓದುವವರ ಹಾಗೆ. ಹುಟ್ಟಿದ ಊರಿನ ಬೋರ್ಡುಗಳನ್ನು ಏನು ಓದುತ್ತಾರೆ ಎಂದು ನಾನು ಕೇಳಲಿಲ್ಲ. ಅದು ಸಂಕಟ ಎಂದುಕೊಂಡೆ. ಮಗನನ್ನು ಕಳಕೊಂಡ ಎದೆ ನೋಯದೆ ಏನು ಮಾಡುತ್ತದೆ. ರಾಣೆಬೆನ್ನೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಹೃದಯಕ್ಕೆ ರಕ್ತ ಕಡಿಮೆ ಹೋಗುತ್ತಿದೆ, ನಾಳಗಳು ದಾರದ ಹಾಗೆ ಸಣ್ಣಗಾಗಿವೆ ಅಂದರು. ಬಲೂನು ಹಾಕಲು ಬರುವುದಿಲ್ಲ, ಬೈಪಾಸ್ ಮಾಡಲು ಹೊಲಿಗೆ ನಿಲ್ಲುವುದಿಲ್ಲ. ಮಾತ್ರೆ ತಗೊಂಡು ಸಾವಕಾಶ ಇರ್ರಿ ಅಂದರು. ಬೆಂಗಳೂರಿನಲ್ಲಿ ಇಂಥವರಿಗೆಂದೇ ಲೇಸರಿನದು ಒಂದು ಪ್ರಯೋಗ ನಡೆದಿದೆ ಎಂದು ಚೀಟಿ ಬರೆದುಕೊಟ್ಟವರೂ ಅವರೇ.

ಬೆಂಗಳೂರಿನ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ, ಅವರ ಮೇಲೆ ನನ್ನ ತಕರಾರಿಲ್ಲ. ತೊಡೆಯ ಸಂದಿಯಿಂದ ಸಣ್ಣ ನಳಿಕೆ ಏರಿಸಿ, ಹೃದಯದ ಒಳಗಿನಿಂದ ಲೇಸರಿನಲ್ಲಿ ಸಣ್ಣ ಸಣ್ಣ ತೂತು ಮಾಡುತ್ತಾರಂತೆ. ಆ ಜಾಗಕ್ಕೆ ರಕ್ತ ಹೊಸ ದಾರಿ ಮಾಡಿಕೊಳ್ಳಬಹುದು, ಮಾಡಿಕೊಳ್ಳದೆಯೂ ಇರಬಹುದು. ಅದು ಖರೇ ಏನು ಎಂದು ತಿಳಿಯಲಿಕ್ಕೇ ಈ ಪ್ರಯೋಗ. ಅದಕ್ಕೇ ಅರ್ಧ ಜನರಿಗೆ ಲೇಸರ್ ಮಾಡುತ್ತಾರೆ, ಇನ್ನರ್ಧ ಜನರಿಗೆ ನಳಿಕೆ ಮಾತ್ರ ಏರಿಸಿ ಇಳಿಸುತ್ತಾರೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಒಂದು ವರ್ಷದತನಕ ರೋಗಿಗೂ ಹೇಳುವುದಿಲ್ಲ. ನಿನ್ನ ಅಪ್ಪ ಎಲ್ಲ ಕೇಳಿ, ‘ನಮ್ಮ ಪ್ಯಾಟಿ ಟೆಂಡರ್ ಇದ್ದಂಗ ಆತಲ್ರಿ, ತಗಿಯೂತನಕ ಮಾಲು ಯಾರದಂತ ಗೊತ್ತಾಗೂದಿಲ್ಲ’ ಎಂದು ಡಾಕ್ಟರನ್ನೇ ನಗಿಸಿದರು. ಹೃದಯವನ್ನು ಜರಡಿ ಮಾಡುತ್ತಾರಲ್ಲ ಎಂದು ನಾನು ಹೊರಗೆ ಬಂದು ಅತ್ತೆ. ಆಗ ಅವರು ಅಂದದ್ದು, ‘ಮನೋಹರ ದೊಡ್ಡ ತೂತ ಮಾಡಿ ಹೋಗ್ಯಾನ. ಇನ್ನು ಸಣ್ಣವು ನಾಕು ಆದ್ರ ಏನಾತು.’ ಅವನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಎಷ್ಟೋ ತಿಂಗಳಾದ ಮೇಲೆ ಅದೇ ಮೊದಲು.

ನಳಿಕೆ ಏರಿಸುವ ದಿನ ಬೆಳಿಗ್ಗೆ ನಾನೊಂದು ಕೆಲಸ ಮಾಡಿದೆ. ಆಸ್ಪತ್ರೆಯ ಎದುರಿನ ಧರ್ಮಶಾಲೆಯಲ್ಲಿ ರೋಗಿಗಳ ಕಡೆಯವರು ಅಡಿಗೆ ಮಾಡಿಕೊಳ್ಳಲು ಗ್ಯಾಸಿನ ಒಲೆ ಇಟ್ಟಿದ್ದಾರೆ. ಊರಿಂದ ಒಯ್ದ ಮೆಣಸಿನಕಾಯಿ, ಉಪ್ಪು ಹಿಡಿದು ನಿದ್ದೆಯಲ್ಲಿದ್ದ ಅವರ ಸುತ್ತ ನಿವಾಳಿಸಿ, ಆ ಒಲೆಯ ಮೇಲೆ ಮನೆಯಿಂದಲೇ ಒಯ್ದ ಸೌಟಿನಲ್ಲಿ ಸುಟ್ಟೆ. ಅಲ್ಲಿದ್ದ ಹೆಂಗಸರೆಲ್ಲ ಕೆಮ್ಮಿ ನನ್ನನ್ನು ಬೈದರು. ಆದರೆ ನನ್ನ ಮೂಗಿಗೆ ಮಾತ್ರ ಘಾಟು ಹತ್ತಲೇ ಇಲ್ಲ. ದೃಷ್ಟಿ ಭಾಳ ಜೋರಿದೆ ಎಂದು ಹೆದರಿ, ಆ ಬೂದಿಯನ್ನು ಸೆರಗಿನ ಚುಂಗಿನಲ್ಲಿ ಕಟ್ಟಿಕೊಂಡೆ. ಅವರನ್ನು ಗಾಲಿಮಂಚದ ಮೇಲೆ ಒಳಗೆ ಒಯ್ಯುವಾಗ, ಮಂಪರಿನ ಮಾತ್ರೆಯಿಂದ ಕಣ್ಣು ಮುಚ್ಚಿದ್ದವು, ತಲೆ ಸವರಿದ ಹಾಗೆ ಮಾಡಿ ಕಿವಿಯ ಹಿಂದೆ ಅಷ್ಟು ಬೂದಿ ಒತ್ತಿದೆ. ನಿನ್ನ ಅಣ್ಣ ಸಣ್ಣವನಿದ್ದಾಗ ಜ್ವರ ಬಂದರೂ ಹೀಗೇ ಮಾಡುತ್ತಿದ್ದೆ. ಇದನ್ನು ಅವರಿಗೆ ಹೇಳಲಿಲ್ಲ, ಹೇಳುವಂಥದ್ದು ಅಂತಲೂ ಅನಿಸಲಿಲ್ಲ.

ಸಂಜೆ ಪೂರ್ತಿ ಎಚ್ಚರಾದ ಕೂಡಲೇ ನನ್ನ ಕೈ ಹಿಡಿದು, ‘ನನಗ ಲೇಸರ್ ಹೊಡದಾರ’ ಅಂದರು. ಹೇಗೆ ಗೊತ್ತಾಯಿತು ಎಂದರೆ, ‘ವಾಸನಿ ಬಂತು. ಸುಟ್ಟ ಮೆಣಸಿನಕಾಯಿ ವಾಸನಿ. ಹುಟ್ಟಿದಾಗಿಂದ ಮೆಣಸಿನಕಾಯಿ ಧೂಳು ಕುಡದ ಎದಿ ಐತಿ ಇದು. ಸುಟ್ಟರ ಮತ್ತೇನು ಮಲ್ಲಿಗಿ ವಾಸನಿ ಬರತೈತೇನು?’ ನಾನೂ ನಂಬಿದೆ, ಶ್ರೀದೇವಿ. ಆ ಮೂಗನ್ನು ನಂಬದೆ ಇರುವುದು ಹೇಗೆ. ಕಣ್ಣು ಮುಚ್ಚಿ ಒಂದು ಕಾಯಿ ಮುರಿದು ಮೂಸಿ, ಇದು ಗಿಡ್ಡನೆಯ ಡಬ್ಬಿ, ಇದು ಉದ್ದನೆಯ ಕಡ್ಡಿ, ಇದು ನೀರು ಚಿಮುಕಿಸಿದ ಮಾಲು ಎಂದು ಹೇಳುತ್ತಿದ್ದವರು. ದಲಾಲರು ಅವರ ಮೂಗು ನೋಡಿಯೇ ರೇಟು ಬರೆಯುತ್ತಿದ್ದರು. ನನ್ನ ಸೆರಗಿನ ಚುಂಗು ನನಗೆ ನೆನಪೇ ಆಗಲಿಲ್ಲ.

ಆಮೇಲಿನದು ನೀನೇ ನೋಡಿದ್ದೀ. ನಡೆದು ಪೇಟೆಗೆ ಹೋದರು. ಬೋರ್ಡು ಓದುವುದು ನಿಂತಿತು. ಸೋಮವಾರ ಗುರುವಾರದ ಟೆಂಡರಿನಲ್ಲಿ ಮತ್ತೆ ರಾಶಿಗಳ ನಡುವೆ ಓಡಾಡತೊಡಗಿದರು. ಪೇಟೆಯವರು ‘ಲೇಸರ್ ಕರಬಸಪ್ಪ’ ಎಂದು ಹೆಸರಿಟ್ಟರೆ ಅದಕ್ಕೂ ಖುಷಿ. ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋದಾಗ ಪೂಜಾರಪ್ಪನಿಗೂ ಲೇಸರಿನ ಪಾಠ ಹೇಳಿ ಬಂದರು. ಎಲ್ಲಕ್ಕಿಂತ ಹೆಚ್ಚು, ನಿನ್ನ ಅಣ್ಣನ ಫೋಟೋದ ಮುಂದೆ ಕುಳಿತು ಆ ದಿನದ ಪೇಟೆಯ ಸುದ್ದಿ ಹೇಳುವುದನ್ನು ಕಲಿತರು. ಮೊದಲು ಆ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಲೂ ಇರಲಿಲ್ಲ. ಎದೆಯಲ್ಲಿ ಗಾಳಿ ಆಡಲು ದಾರಿಯಾಗಿದೆ ಅನ್ನುತ್ತಿದ್ದರು. ನಾನು ದೇವರಿಗೆ ಕೈ ಮುಗಿಯುವಾಗ ಲೇಸರಿಗೂ ಮುಗಿಯುತ್ತಿದ್ದೆ.

ಈ ತಿಂಗಳ ಮೊದಲ ವಾರ ಆಸ್ಪತ್ರೆಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಅಪ್ಪ ಪೇಟೆಯಲ್ಲಿದ್ದರು. ‘ಕರಬಸಪ್ಪ ಅವರ ಮನೆಯವರಾ? ಅಮ್ಮಾ, ಪ್ರಯೋಗ ಮುಗೀತು. ಯಾರ್ಯಾರಿಗೆ ಏನು ಮಾಡಿದ್ವಿ ಅಂತ ಈಗ ಹೇಳ್ತಾ ಇದೀವಿ. ಅವರನ್ನ ಕರ್ಕೊಂಡು ಬನ್ನಿ, ಡಾಕ್ಟ್ರು ಎದುರಿಗೆ ಕೂತು ಹೇಳ್ತಾರೆ’ ಅಂದಳು. ನಾನು ತಡೆಯಲಾರದೆ, ‘ಲೇಸರ್ ಆಗೇತಿ ಅಂತ ಗೊತ್ತೈತಿ ಬಿಡವಾ’ ಅಂದುಬಿಟ್ಟೆ. ಆಕೆ, ‘ಇಲ್ಲಮ್ಮ, ನಿಮ್ಮ ಯಜಮಾನ್ರಿಗೆ ಮಾಡಿರ್ಲಿಲ್ಲ’ ಅಂದಳು. ಬೇಜಾರು ಮಾಡಿಕೊಳ್ಳಬೇಡಿ ಎಂದು ಆಕೆಯೇ ಸಮಾಧಾನ ಮಾಡಿದಳು. ಲೇಸರ್ ಆದವರಿಗೆ ಎಷ್ಟು ಗುಣ ಕಂಡಿದೆಯೋ ಆಗದವರಿಗೂ ಅಷ್ಟೇ ಕಂಡಿದೆಯಂತೆ. ಅದಕ್ಕೇ ಅಲ್ಲಿ ಇನ್ನು ಮುಂದೆ ಯಾರಿಗೂ ಮಾಡುವುದಿಲ್ಲವಂತೆ. ಹಾಗಾದರೆ ಇವರಿಗೆ ಕಡಿಮೆಯಾದದ್ದು ಯಾತರಿಂದ ಎಂದು ಕೇಳಿದೆ. ‘ಮಾತ್ರೆ ಸರಿ ಮಾಡಿದ್ವಿ, ತಿಂಗಳು ತಿಂಗಳು ನೋಡ್ಕೊಂಡ್ವಿ. ಮತ್ತೆ ಮನಸ್ಸು ಅನ್ನೋದೂ ಇರುತ್ತಲ್ಲಮ್ಮ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸ್ಬೇಡಿ’ ಅಂದಳು. ಫೋನು ಇಟ್ಟು ಒಲೆಯ ಮುಂದೆ ಕುಳಿತಾಗ ಆ ಸೌಟು ಕಣ್ಣಿಗೆ ಬಿತ್ತು. ಆಗ ತಿಳಿಯಿತು, ಅವರು ಮೂಸಿದ್ದು ಏನನ್ನು ಎಂದು.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಗೌಸಣ್ಣ ಇದ್ದಾನಲ್ಲ. ಗೋಣಿಚೀಲದ ಅಂಗಡಿಯ ನಮ್ಮ ಮಹಮ್ಮದಗೌಸ, ನಿನ್ನನ್ನು ಹೆಗಲ ಮೇಲೆ ಹೊತ್ತು ಸಾಲಿಗೆ ಬಿಟ್ಟು ಬರುತ್ತಿದ್ದವನು. ಅವನಿಗೂ ಎದೆ ನೋವು ಬಂದು ಹಾವೇರಿಯಲ್ಲಿ ತೋರಿಸಿದರು. ಅವನ ನಾಳ ಸಣ್ಣವಲ್ಲ, ದೊಡ್ಡ ನಾಳವೇ ಮುಚ್ಚುತ್ತಾ ಬಂದಿದೆ, ತಡ ಮಾಡದೆ ಬೈಪಾಸ್ ಮಾಡಿಸಿದರೆ ಚೆನ್ನಾಗಿರುತ್ತಾನೆ ಎಂದು ಡಾಕ್ಟರು ಹೇಳಿದ್ದಾರೆ. ಅವನಿಗೆ ಹೆದರಿಕೆ. ‘ಚೀಲ ಬಿಚ್ಚಿ ಹೊಲದಂಗ ಎದಿ ಬಿಚ್ಚಿ ಹೊಲೀತಾರಂತ ವೈನಿ, ನಾ ಹೊಲದ ಚೀಲ ಎಷ್ಟು ಹರದಾವು ನನಗ ಗೊತ್ತಿಲ್ಲೇನು’ ಅನ್ನುತ್ತಿದ್ದ. ನಿನ್ನ ಅಪ್ಪ ದಿನಾ ಆ ಚೀಲಗಳ ಮೇಲೆ ಕುಳಿತು ಅವನಿಗೆ ಧೈರ್ಯ ಹೇಳುತ್ತಿದ್ದರು. ‘ಬಿಚ್ಚೂದ್ಯಾಕ? ಲೇಸರ್ ಹೊಡಸ್ಕೋ. ಮುಂದಿನ ಸಲ ಹೋದಾಗ ಡಾಕ್ಟರಿಗೆ ಹೇಳಿ ನಿನ್ನ ಹೆಸರ ಹಚ್ಚಸ್ತೀನಿ. ನನ್ನ ನೋಡು.’ ಗೌಸಣ್ಣ ಅವರನ್ನು ನೋಡಿದ, ಆಪರೇಷನ್ ಬೇಡವೆಂದ. ಅವನು ಕಾಯುತ್ತಿದ್ದದ್ದು ಇನ್ನು ಯಾರಿಗೂ ಮಾಡದ ಲೇಸರಿಗೆ.

ನಿನ್ನ ಅಪ್ಪನಿಗೆ ಹೇಳಿದರೆ ಅವರ ಎದೆಗೆ ಏನಾಗುತ್ತದೋ. ಹೇಳದಿದ್ದರೆ ಗೌಸಣ್ಣನ ಎದೆ ಒಡೆಯುತ್ತದೆ. ನಾಲ್ಕು ದಿನ ನನಗೆ ಅನ್ನ ಇಳಿಯಲಿಲ್ಲ. ಕಡೆಗೆ ಗೌಸಣ್ಣನ ಹೆಂಡತಿ ಮಹಮೂದಾಬೇಗಂಳ ಹತ್ತಿರ ಹೋಗಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲ ಹೇಳಿದೆ, ಬೂದಿಯದೂ ಹೇಳಿದೆ. ಅವಳು ನನ್ನ ಮುಖ ನೋಡುತ್ತಾ, ‘ಅಕ್ಕಾರ, ನಿಮ್ಮವರ ನಗಿ ನೋಡಿ ನಮ್ಮವರು ನಗಾಕತ್ತಾರ. ಇಬ್ಬರದೂ ಒಮ್ಮೆಲೆ ಹೆಂಗ ಕಸಕೊಳ್ಳೂದ್ರಿ’ ಅಂದಳು. ಆಗ ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯ ಹಿಂದಿನಿಂದ ಗೌಸಣ್ಣ ನಕ್ಕದ್ದು ಕೇಳಿತು. ಅಲ್ಲೇ ಮಲಗಿದ್ದನಂತೆ. ‘ಹಂಗಾದ್ರ ವೈನಿ, ನನಗೂ ಅದನ್ನ ಮಾಡಸ್ರಿ. ಏನೂ ಮಾಡಲಾರದ್ದು. ಭಾಳ ಛಲೋ ಆಪರೇಷನ್ ಐತಿ ಅದು’ ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡ. ಆಮೇಲೆ, ‘ಆತು, ಎದಿ ಬಿಚ್ಚಸ್ಕೋತೀನಿ. ಕರಬಸಣ್ಣನ ಕಿವಿಗೆ ಇದು ಬೀಳೂದು ಬ್ಯಾಡ. ಅಂವಾ ಇನ್ನೊಮ್ಮೆ ಬೋರ್ಡು ಓದೂದನ್ನ ನಾ ನೋಡಲಾರೆ’ ಅಂದ. ಅದು ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ.

ಗೌಸಣ್ಣ ಹುಬ್ಬಳ್ಳಿಗೆ ಆಪರೇಷನ್ನಿಗೆ ಹೊರಟಿದ್ದಾನೆ ಎಂದು ತಿಳಿದು ನಿನ್ನ ಅಪ್ಪ ಪೇಟೆಯಲ್ಲೇ ಜಗಳ ತೆಗೆದರಂತೆ. ‘ನನ್ನ ಮೂಗ ನಂಬಿ ಇಡೀ ಪ್ಯಾಟಿ ವ್ಯಾಪಾರ ಮಾಡತೈತಿ, ನಿನಗೊಬ್ಬಗ ನಂಬಿಗಿ ಬರಲಿಲ್ಲ’ ಅಂದರಂತೆ. ಗೌಸಣ್ಣ, ‘ನಿಂದು ಡಬ್ಬಿ, ನಂದು ಕಡ್ಡಿ ಕರಬಸಣ್ಣ, ಎರಡೂ ಒಂದ ರೇಟಿಗೆ ಹೋಗೂದಿಲ್ಲ’ ಎಂದು ನಗೆಯಲ್ಲಿ ತೇಲಿಸಲು ನೋಡಿದನಂತೆ. ಇವರು ಎದ್ದು ಬಂದುಬಿಟ್ಟರು. ಅವತ್ತಿನಿಂದ ಮಾತಿಲ್ಲ. ಮನೆಯಲ್ಲಿ ಒಂದೇ ಸಮನೆ ಕುಳಿತಿರುತ್ತಾರೆ, ಒಮ್ಮೊಮ್ಮೆ ಕೈ ಎದೆಗೆ ಹೋಗುತ್ತದೆ. ಅದು ನಾಳದ ನೋವೋ, ಗೆಳೆಯನ ನೋವೋ, ನಿನ್ನ ಅಣ್ಣನದೋ ನನಗೆ ಹೇಗೆ ತಿಳಿಯಬೇಕು. ಕೇಳಿದರೆ ಏನಿಲ್ಲ ಅನ್ನುತ್ತಾರೆ. ಬೆಂಗಳೂರಿಗೆ ಕರೆದಿದ್ದಾರೆ ಎಂದಷ್ಟೇ ಹೇಳಿದ್ದೇನೆ. ಅದಕ್ಕೆ ಇಸ್ತ್ರಿ ಅಂಗಿ ತೆಗೆದಿಟ್ಟುಕೊಂಡಿದ್ದಾರೆ, ತಮ್ಮ ತೂತು ಎಣಿಸಲು ಕರೆದಿದ್ದಾರೆ ಎಂದು ತಿಳಿದಿದ್ದಾರೆ.

ನೀನು ಎರಡು ದಿನದ ಮಟ್ಟಿಗಾದರೂ ಬಾ. ಡಾಕ್ಟರು ಹೇಳುವಾಗ ಅವರ ಮಗ್ಗುಲಲ್ಲಿ ನೀನಿರಬೇಕು. ನಾನು ಎದುರಿಗಿದ್ದರೆ ಅವರು ನನ್ನ ಮುಖ ನೋಡುತ್ತಾರೆ, ನನ್ನ ಮುಖದಲ್ಲಿ ಎಲ್ಲ ಬರೆದಿರುತ್ತದೆ. ನಿನ್ನ ಜೊತೆಯ ಅಡಿಗೆಯ ಅಕ್ಕನಿಗೆ ನಮಸ್ಕಾರ ಹೇಳು, ಹುಡುಗಿಯರಿಗೆಲ್ಲ ಪರೀಕ್ಷೆ ಹಗುರಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಮನೋಹರನ ಪಾಲಿನ ಆಯುಷ್ಯವೂ ನಿನಗೇ ಇರಲಿ.

ನಿನ್ನ ಅವ್ವ,
ದ್ರಾಕ್ಷಾಯಿಣಿ

ತಾ. ಕ. ಬುಧವಾರ ಬೆಳಿಗ್ಗೆ. ಕಾಗದ ಟಪಾಲಿಗೆ ಹಾಕುವ ಮೊದಲು ಇದನ್ನು ಬರೆಯಬೇಕಾಯಿತು. ಈಗಷ್ಟೇ ಗೌಸಣ್ಣ ಹೊರಟ. ವ್ಯಾನು ಬಾಗಿಲಿಗೆ ಬಂದಾಗ ಮಹಮೂದಾ ಅಳುತ್ತಾ, ‘ನಿಮ್ಮ ಕೈಲೆ ಒಮ್ಮೆ ನದರ ತಗೀರಿ ಅಕ್ಕಾರ’ ಅಂದಳು. ಹೇಗೆ ಇಲ್ಲ ಅನ್ನಲಿ. ಅವಳ ಒಲೆಯ ಮೇಲೆ ಮೆಣಸಿನಕಾಯಿ ಉಪ್ಪು ಸುಟ್ಟು ಬೂದಿ ತಂದು ಗೌಸಣ್ಣನ ಕಿವಿಯ ಹಿಂದೆ ಒತ್ತಿದೆ. ತಲೆ ಎತ್ತಿದರೆ ನಿನ್ನ ಅಪ್ಪ ವ್ಯಾನಿನ ಹಿಂದೆ ನಿಂತಿದ್ದರು. ಬರುವುದಿಲ್ಲ ಅಂದವರು ಬಂದಿದ್ದರು. ನನ್ನ ಬೆರಳು ನೋಡಿದರು. ಗಾಳಿ ಮೂಸಿದರು. ಆಮೇಲೆ ತಮ್ಮ ಕಿವಿಯ ಹಿಂದೆ ಕೈ ಒಯ್ದು, ಆ ಬೆರಳನ್ನು ಮೂಗಿಗೆ ಹಿಡಿದುಕೊಂಡರು. ‘ಬೆಂಗಳೂರಾಗೂ ಹಚ್ಚಿದ್ದೇನು?’ ಅಂದರು. ಮೆಣಸಿನಕಾಯಿ ಘಾಟಿಗೆ ನನಗೆ ಕೆಮ್ಮು ಬಂತು. ಒಳಗಿನಿಂದ ಗೌಸಣ್ಣ, ‘ಏನಪಾ ಲೇಸರ್, ಬರ್ತೀಯೇನು?’ ಎಂದು ಕರೆದ. ಇವರು, ‘ಸರಿ ಅತ್ತಾಗ’ ಎಂದು ಅವನ ಮಗ್ಗುಲಲ್ಲಿ ಹತ್ತಿ ಕುಳಿತರು. ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿಸೆಯಲ್ಲಿ ಇಟ್ಟುಕೊಂಡರು. ವ್ಯಾನು ಮೋಟೆಬೆನ್ನೂರಿನ ದಾರಿ ಹಿಡಿದು ಹೋಯಿತು.

ಮನೆಗೆ ಬಂದರೆ ಅವರ ಮಾತ್ರೆಗಳು ಕಟ್ಟೆಯ ಮೇಲೆಯೇ ಇವೆ. ಬೆಳಗಿನದೂ ತೆಗೆದುಕೊಂಡಿಲ್ಲ. ಮರೆತರೋ, ಇನ್ನು ಯಾತಕ್ಕೆ ಎಂದು ಬಿಟ್ಟರೋ. ಎದುರು ಮನೆಯ ಫೋನಿನಿಂದ ಮಾಡಿದೆ, ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ. ಮಾತ್ರೆ ಕಟ್ಟಿಕೊಂಡು ಹುಬ್ಬಳ್ಳಿ ಬಸ್ಸಿಗೆ ಹೊರಟಿದ್ದೇನೆ. ಟಪಾಲು ಡಬ್ಬಿ ಸ್ಟ್ಯಾಂಡಿನ ದಾರಿಯಲ್ಲೇ ಇದೆ. ನಿನ್ನ ಅಣ್ಣ ಹೋದ ಮೇಲೆ ಆ ಕ್ರಾಸ್ ದಾಟಿ ನಾನೂ ಇಲ್ಲಿಯತನಕ ಹೋಗಿಲ್ಲ, ಶ್ರೀದೇವಿ.